ಸ್ಕ್ಯಾಂಡಲ್ ಹಾಡುಗಳು: ಮೊದಲು ಯಾವುದು ಕೇಳಬೇಕು?

ಹೆಸರು ನೋಡಿ ಗಾಬರಿಯಾಗಬೇಡಿ, ಇದು ಜಪಾನಿನ ಹುಡುಗಿಯರ ರಾಕ್ ಬ್ಯಾಂಡ್. 2006ರಲ್ಲಿ ಒಸಾಕಾದಲ್ಲಿ ಹರುನಾ, ಮಾಮಿ, ತೊಮೊಮಿ, ರಿನಾ ಅಂತ ನಾಲ್ಕು ಜನ ಸೇರಿ ಕಟ್ಟಿದ್ದು.

ತುಮಕೂರಿನಿಂದ ಬೆಂಗಳೂರಿಗೆ ಬೆಳಗಿನ ರೈಲಲ್ಲಿ ನಿಂತುಕೊಂಡೇ ಹೋಗುವವರಿಗೆ ನನ್ನ ಸಲಹೆ 'ಶೋಜೋ ಎಸ್'. 2009ರ ಈ ಹಾಡು ಬ್ಲೀಚ್ ಅನ್ನೋ ಅನಿಮೆಯ (ಜಪಾನಿನ ಕಾರ್ಟೂನ್ ಸರಣಿ) ಶುರುವಿನ ಹಾಡೂ ಹೌದು, ಗಿಟಾರ್ ಎದ್ದ ತಕ್ಷಣ ನಿದ್ದೆ ಓಡಿ ಹೋಗುತ್ತೆ, ಭಾಷೆ ಒಂದಕ್ಷರ ಗೊತ್ತಿಲ್ಲದಿದ್ದರೂ ಕೋರಸ್ ಬರುವಷ್ಟರಲ್ಲಿ ಕಾಲು ತಾಳ ಹಾಕುತ್ತಿರುತ್ತೆ.

ನನಗೆ ಅದಕ್ಕಿಂತ ಜಾಸ್ತಿ ಇಷ್ಟ 2010ರ 'ಶುಂಕನ್ ಸೆಂಟಿಮೆಂಟಲ್'. ಫುಲ್‌ಮೆಟಲ್ ಆಲ್ಕೆಮಿಸ್ಟ್ ಬ್ರದರ್‌ಹುಡ್ ಅನ್ನೋ ಅನಿಮೆ ನೋಡಿದವರಿಗೆ ಕೊನೆಯಲ್ಲಿ ಬರುವ ಈ ಹಾಡು ನೆನಪಿರಬೇಕು, ಅಲ್ವಾ? ವೇಗ ಇದೆ, ಆದರೂ ಒಳಗೆ ಏನೋ ಬೇಸರ. ರಿನಾ ಡ್ರಮ್ಸ್ ಸುಮ್ನೆ ಸದ್ದು ಮಾಡಲ್ಲ, ಹರುನಾ ದನಿಯನ್ನು ಹಿಂದಿನಿಂದ ತಳ್ಳುತ್ತಾ ಹೋಗುತ್ತೆ. ತೊಮೊಮಿಯ ಬೇಸ್ ಗಿಟಾರ್ ಮಾತ್ರ ಫೋನಿನ ಸ್ಪೀಕರಲ್ಲಿ ಕೇಳಿಸೋದೇ ಇಲ್ಲ, ಇಯರ್‌ಫೋನ್ ಬೇಕೇ ಬೇಕು.

ತಕರಾರು ಒಂದಿದೆ. ಹಳೆಯ ಹಾಡುಗಳನ್ನು ಒಂದರ ಹಿಂದೆ ಒಂದು ಹಾಕಿದರೆ ಎಲ್ಲಾ ಒಂದೇ ಥರ ಅನಿಸುತ್ತೆ. ಪೂರ್ತಿ ಆಲ್ಬಮ್ ಬೇಡ, ಈ ಎರಡರಿಂದ ಶುರು ಮಾಡಿ.