ವಿಎಸ್ ಕೋಡ್, ಸಬ್ಲೈಮ್, ವೆಬ್‌ಸ್ಟಾರ್ಮ್: ವೆಬ್ ಕೆಲಸಕ್ಕೆ ಯಾವುದು?

ವೆಬ್ ಡೆವಲಪ್‌ಮೆಂಟ್ ಈಗಷ್ಟೇ ಶುರು ಮಾಡಿದ್ದರೆ ಜಾಸ್ತಿ ಯೋಚಿಸಬೇಡಿ, ವಿಎಸ್ ಕೋಡ್ ಹಾಕಿಕೊಳ್ಳಿ. 2015ರಲ್ಲಿ ಮೈಕ್ರೋಸಾಫ್ಟ್ ತಂದ ಈ ಎಡಿಟರ್ (ಕೋಡ್ ಬರೆಯುವ ತಂತ್ರಾಂಶ) ಉಚಿತ. ಎಮ್ಮೆಟ್ (ಚುಟುಕಾಗಿ ಬರೆದದ್ದನ್ನು ಪೂರ್ತಿ ಎಚ್‌ಟಿಎಂಎಲ್ ಮಾಡುವ ಸಾಧನ), ಕಮಾಂಡ್ ಕೊಡುವ ಟರ್ಮಿನಲ್, ತಪ್ಪು ಹುಡುಕಲು ನೆರವಾಗುವ ಜಾವಾಸ್ಕ್ರಿಪ್ಟ್ ಡೀಬಗರ್ ಎಲ್ಲ ಒಳಗೇ ಇವೆ. ಉಳಿದದ್ದಕ್ಕೆ ಎಕ್ಸ್‌ಟೆನ್ಶನ್‌ಗಳಿವೆ. ತೊಂದರೆ ಶುರುವಾಗುವುದೂ ಅಲ್ಲೇ. ಕಂಡದ್ದನ್ನೆಲ್ಲ ಸುಮ್ನೆ ಸೇರಿಸುತ್ತಾ ಹೋದರೆ ಎಡಿಟರ್ ಭಾರವಾಗುತ್ತದೆ. ಇದು ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ ಕಟ್ಟಿದ್ದು; ಅಂದರೆ ಒಳಗೆ ಕ್ರೋಮಿಯಂ (ಕ್ರೋಮ್ ಬ್ರೌಸರ್‌ನ ತಿರುಳು) ಓಡುತ್ತಿರುತ್ತದೆ. 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಪಕ್ಕದಲ್ಲೇ ಬ್ರೌಸರ್ ಕೂಡ ತೆರೆದರೆ ಏದುಸಿರು ಬರುತ್ತದೆ.

ಹಳೆಯ ಯಂತ್ರಕ್ಕೆ ಸಬ್ಲೈಮ್ ಟೆಕ್ಸ್ಟ್ ವಾಸಿ. ಬೇಗ ತೆರೆಯುತ್ತದೆ, ಕಡಿಮೆ ಮೆಮೊರಿ ತಿನ್ನುತ್ತದೆ. ಒಂದೇ ಪದವನ್ನು ಹತ್ತು ಕಡೆ ಒಟ್ಟಿಗೆ ತಿದ್ದುವ ಸುಖವನ್ನು ಬಹಳ ಜನಕ್ಕೆ ತೋರಿಸಿದ್ದೇ ಇದು. ಆದರೆ ಡೀಬಗರ್ ಜೊತೆಗೆ ಬರುವುದಿಲ್ಲ. ಲೈಸೆನ್ಸ್ ಇಲ್ಲದೆ ಪರೀಕ್ಷಿಸಿ ನೋಡಬಹುದು, ಆಗಾಗ "ಕೊಂಡುಕೊಳ್ಳಿ" ಎಂಬ ಕಿಟಕಿ ಇಣುಕುತ್ತದೆ ಅಷ್ಟೇ.

ವೆಬ್‌ಸ್ಟಾರ್ಮ್ ಬರೀ ಎಡಿಟರ್ ಅಲ್ಲ, ಪೂರ್ತಿ ಐಡಿಇ; ಅಂದರೆ ಕೋಡ್ ಬರೆಯುವುದರಿಂದ ಪರೀಕ್ಷಿಸುವವರೆಗಿನ ಸಾಧನಗಳು ಒಂದೇ ಕಡೆ. ನೂರಾರು ಫೈಲ್‌ಗಳಿರುವ ಟೈಪ್‌ಸ್ಕ್ರಿಪ್ಟ್ ಪ್ರಾಜೆಕ್ಟ್‌ನಲ್ಲಿ ಒಂದು ಫಂಕ್ಷನ್‌ನ ಹೆಸರು ಬದಲಿಸಿ ನೋಡಿ, ಬಳಸಿದ ಕಡೆಯೆಲ್ಲ ಇದೇ ಬದಲಿಸುತ್ತದೆ; ಇದರ ಮಹತ್ವ ಆಗ ತಿಳಿಯುತ್ತದೆ. ವಿಎಸ್ ಕೋಡ್‌ಗೂ ಇದು ಬರುತ್ತದೆ, ಆದರೆ ದೊಡ್ಡ ರಿಫ್ಯಾಕ್ಟರಿಂಗ್‌ಗೆ (ಕೋಡ್ ಮಾಡುವ ಕೆಲಸ ಬದಲಿಸದೆ ಅದರ ರಚನೆ ತಿದ್ದುವುದಕ್ಕೆ) ನನ್ನ ಓಟು ವೆಬ್‌ಸ್ಟಾರ್ಮ್‌ಗೇ. ಮೊದಲ ಸಲ ಪ್ರಾಜೆಕ್ಟ್ ತೆರೆದಾಗ ಇಂಡೆಕ್ಸಿಂಗ್ (ಫೈಲ್‌ಗಳನ್ನೆಲ್ಲ ಓದಿ ಪಟ್ಟಿ ಮಾಡಿಕೊಳ್ಳುವುದು) ಮುಗಿಯುವವರೆಗೆ ಕಾಯಬೇಕು. 2024ರಿಂದ ಕಲಿಕೆಗೆ, ಹವ್ಯಾಸಕ್ಕೆ ಉಚಿತ. ಹಣ ಗಳಿಸುವ ಕೆಲಸಕ್ಕೆ ದುಡ್ಡು ಕೊಡಬೇಕು.

ಟರ್ಮಿನಲ್‌ನಲ್ಲೇ ಓಡುವ ಎಡಿಟರ್ ವಿಮ್ ಬೇಕಾ? ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಮೂಲಕ ಹೋಗಿ ಫೈಲ್ ತಿದ್ದುವವರು ಒಂದಿಷ್ಟು ಕಲಿತಿರಲಿ. ಕನಿಷ್ಠ ವಿಮ್‌ನಿಂದ ಹೊರಗೆ ಬರುವುದು ಹೇಗೆ ಅಂತಾದರೂ!