ಹಲಸಿನ ಮರದ ಜೇನು ಸಾಗಣೆ ಪೆಟ್ಟಿಗೆ: ನಾಲ್ಕು ವರ್ಷದ ಬಳಕೆಯ ನಂತರ

ಮೊದಲ ಮಳೆಗಾಲದಲ್ಲೇ ಈ ಪೆಟ್ಟಿಗೆಯಿಂದಾಗಿ ನಾನು ತುಡುವೆಯ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನಿನ, ಒಂದು ಕುಟುಂಬವನ್ನು ಕಳೆದುಕೊಂಡೆ. ಆ ಸಂಕಟ ಇನ್ನೂ ಹೋಗಿಲ್ಲ.

ಬಡಗಿಯೊಬ್ಬರಿಂದ ಮಾಡಿಸಿದ, ಹುಳುಗಳು ಎರಿ (ಮೇಣದ ಹಲ್ಲೆ) ಕಟ್ಟುವ ಚೌಕಟ್ಟು ನಾಲ್ಕು ಹಿಡಿಯುವ ಪೆಟ್ಟಿಗೆ ಇದು. ಅಳತೆ ನ್ಯೂಟನ್ ಪೆಟ್ಟಿಗೆಯದೇ, ಅಂದರೆ ತುಡುವೆ ಸಾಕಲು ನಮ್ಮ ಕಡೆ ಬಳಸುವ ಸಣ್ಣ ಜೇನುಪೆಟ್ಟಿಗೆಯದು. ಮರ, ಕೂಲಿ, ತಂತಿಬಲೆ ಎಲ್ಲ ಸೇರಿ 1,300 ರೂಪಾಯಿ ಆಯಿತು. ಹತ್ತು ಕುಟುಂಬ ಸಾಕುವ ನನಗೆ ಅದು ಸಣ್ಣ ಮೊತ್ತವಲ್ಲ.

ತಪ್ಪಿದ್ದು ಬಾಗಿಲಿನಲ್ಲಿ. ಹುಳುಗಳು ಓಡಾಡುವ ಕಿಂಡಿಯನ್ನು ಮುಚ್ಚಲು ಜಾರುವ ಮರದ ಪಟ್ಟಿ ಇಟ್ಟಿದ್ದರು. ಆಷಾಢದ ಮಳೆಗೆ ಅದು ಉಬ್ಬಿ, ಅರ್ಧಕ್ಕೇ ಕಚ್ಚಿಕೊಂಡಿತು. ಉರುಳಿದ ಮರದ ಪೊಟರೆಯಿಂದ ಹಿಡಿದ ಕುಟುಂಬ ಒಳಗಿತ್ತು. ಸುತ್ತಿಗೆಯಿಂದ ಬಡಿದೆ, ಬಡಿದಷ್ಟೂ ಹುಳುಗಳು ಕೆರಳಿದವು. ಉಳಿದ ಸಂದಿಗೆ ಬಟ್ಟೆ ತುರುಕಿ ಮನೆಗೆ ತಂದೆ. ಬೆಳಗ್ಗೆ ನೋಡಿದರೆ ಬಟ್ಟೆ ಕೆಳಗೆ ಬಿದ್ದಿತ್ತು, ಪೆಟ್ಟಿಗೆ ಖಾಲಿಯಾಗಿತ್ತು. ಮನಸ್ಸು ಕೆಟ್ಟರೆ ತುಡುವೆ ಎರಿಯನ್ನೂ ಮರಿಯನ್ನೂ ಬಿಟ್ಟು ಹೊರಟುಬಿಡುತ್ತದೆ. ಅದೇ ವಾರ ಮರದ ಪಟ್ಟಿಯನ್ನು ಕಿತ್ತು ತಗಡು ಹಾಕಿದೆ. ಅಂದಿನಿಂದ ಬಾಗಿಲು ಒಮ್ಮೆಯೂ ಸಿಕ್ಕಿಕೊಂಡಿಲ್ಲ.

ಇಷ್ಟಾದರೂ ಪೆಟ್ಟಿಗೆಯನ್ನು ಇಟ್ಟುಕೊಂಡಿದ್ದೇನೆ, ಅದರ ಸದ್ದಿಗಾಗಿ.

ಪ್ರತಿ ಜನವರಿಯಲ್ಲಿ ತೀರ್ಥಹಳ್ಳಿ ಕಡೆಯಿಂದ ಆಗುಂಬೆ ಘಾಟಿ ಇಳಿದು, ಮಕರಂದಕ್ಕಾಗಿ ಜೇನನ್ನು ಈ ಪೆಟ್ಟಿಗೆಯಲ್ಲಿ ಬೆಳ್ತಂಗಡಿಯ ರಬ್ಬರ್ ತೋಟಕ್ಕೆ ಒಯ್ಯುತ್ತೇನೆ. ರಬ್ಬರಿನ ಮಕರಂದ ಹೂವಿನಲ್ಲಲ್ಲ, ಹೊಸ ಚಿಗುರೆಲೆಯ ತೊಟ್ಟಿನ ಬಳಿ ಒಸರುತ್ತದೆ. ಹೊರಡುವ ದಿನ ಕತ್ತಲಾಗುವವರೆಗೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತೇನೆ. ಕಾಲಿಗೆ ಪರಾಗದ ಉಂಡೆ ಅಂಟಿಸಿಕೊಂಡ ಕೊನೆಯ ಹುಳು ಒಳಸೇರಿದ ಮೇಲೆ ತಗಡು ಎಳೆದು, ತೆಂಗಿನ ನಾರಿನ ಹಗ್ಗದಿಂದ ಎರಡು ಸುತ್ತು ಬಿಗಿದು, ಹಲಗೆಗೆ ಕಿವಿ ಒತ್ತುತ್ತೇನೆ. ಒಳಗೆ ತಂಪಾಗಿದ್ದರೆ ತಗ್ಗಿದ, ಒಂದೇ ಸಮನಾದ ಗುಂಯ್‌ಗುಡುವಿಕೆ. ಸೆಕೆಯಾದರೆ ರೆಕ್ಕೆ ಬೀಸುವ ಭರಾಟೆಗೆ ದನಿ ಏರುತ್ತದೆ. ಮರಿಗಳಿಗೆ ಬೇಕಾದದ್ದು 34-35 ಡಿಗ್ರಿ ಕಾವು, ಅದು ಮೀರಿತೆಂದು ಹುಳುಗಳೇ ಹೇಳುತ್ತವೆ.

ಹೋದ ವರ್ಷ ಘಾಟಿಯ ನಡುವೆ ಆ ದನಿ ಏರಿತು. ಜೀಪು ನಿಲ್ಲಿಸಿ ನೋಡಿದರೆ ಗೋಣಿಚೀಲ ಜಾರಿ ಮುಚ್ಚಳದ ತಂತಿಬಲೆಯನ್ನು ಮುಚ್ಚಿತ್ತು. ಚೀಲ ಸರಿಸಿ ನೀರು ಚಿಮುಕಿಸಿದೆ, ಕಾಲು ಗಂಟೆಯಲ್ಲಿ ದನಿ ಇಳಿಯಿತು. ಒಂದು ಎರಿಯೂ ಕುಸಿದಿರಲಿಲ್ಲ. ಬ್ರೇಕ್ ಹಾಕಿದಾಗ ಚೌಕಟ್ಟುಗಳು ಒಂದಕ್ಕೊಂದು ತಾಗದಂತೆ ಗಾಡಿಯ ಉದ್ದಕ್ಕೆ ನಿಲ್ಲಬೇಕು. ಅದಕ್ಕಾಗಿ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಬಾಣ ಬರೆದಿದ್ದೇನೆ.

ತೂಕ ಮಾತ್ರ ಹೆಚ್ಚು. ಕುಟುಂಬ ಹಿಡಿಯಲು ಒಬ್ಬರೇ ಏಣಿ ಹತ್ತುವವರು ಹಗುರ ಮರ ನೋಡಿಕೊಳ್ಳಲಿ. ಎರವಲು ಕೇಳುವವರಿಗೆ ನಾನು ಕೊಡುವುದಿಲ್ಲ, ಪೆಟ್ಟಿಗೆಯ ಜೊತೆ ರೋಗವೂ ಬಂದೀತೆಂಬ ಭಯ. 1990ರ ದಶಕದ ಆರಂಭದಲ್ಲಿ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ತುಡುವೆಯನ್ನು ಹೇಗೆ ಅಳಿಸಿತೆಂದು ಹಿರಿಯರಿಂದ ಕೇಳಿದ್ದೇನೆ.

ಬರುವ ಜನವರಿಗೆ ಇನ್ನೆರಡು ಪೆಟ್ಟಿಗೆ ಹೇಳಿದ್ದೇನೆ, ಅದೇ ಬಡಗಿಗೆ. ಬಾಗಿಲಿನ ತಗಡನ್ನು ನಾನೇ ಕತ್ತರಿಸಿ ಕೊಟ್ಟು ಬಂದೆ.