ಕಾರಿನ ಗಾಜು ಒಡೆಯೋ ಸಾಧನ: ಮುಂಬೈ ಕುರ್ಲಾದ ಭಂಗಾರ್ (ಗುಜರಿ) ಅಂಗಡಿಯಲ್ಲಿ ಒಡೆದೇ ನೋಡಿದೆ

ಮಳೆಗಾಲಕ್ಕೆ ಮುಂಚೆ ಆನ್‌ಲೈನ್‌ನಲ್ಲಿ ಎರಡು ತರಿಸಿದೆ, ಒಂದಕ್ಕೆ 349 ರೂಪಾಯಿ. ಹೆಬ್ಬೆರಳಿನಷ್ಟು ದಪ್ಪ. ಒಂದು ತುದಿಯಲ್ಲಿ ಸ್ಪ್ರಿಂಗ್ ಹಾಕಿದ ಉಕ್ಕಿನ ಮೊನೆ, ಇನ್ನೊಂದರಲ್ಲಿ ಸೀಟ್ ಬೆಲ್ಟ್ ಕತ್ತರಿಸೋ ಬ್ಲೇಡು.

ತರಿಸಿದ್ದು ನಮ್ಮ ಮಾವನ ಕಥೆ ಕೇಳಿ ಕೇಳಿ. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಅವತ್ತು ಅವರು ಕಲಿನಾದಲ್ಲಿ ಗಾಜು ಪೂರ್ತಿ ಏರಿಸಿಕೊಂಡು, ಇನ್ನೇನು ನೀರು ಇಳಿಯುತ್ತೆ ಅಂತ ಕಾರಿನೊಳಗೇ ಕೂತಿದ್ದರು. ಸೀಟು ಒದ್ದೆಯಾದಾಗ ಬಾಗಿಲು ತಳ್ಳಿದರೆ ಅದು ಅಲ್ಲಾಡಲಿಲ್ಲ. ಹೊರಗಿನ ನೀರು ಒತ್ತುತ್ತಾ ಇರುತ್ತಲ್ಲ. ಕೈಯಲ್ಲಿ ತಿರುಗಿಸಿ ಗಾಜು ಇಳಿಸೋ ಹಳೇ ಕಾರು, ಅದಕ್ಕೇ ಬಚಾವಾದರು. ಅವತ್ತು ಪವರ್ ವಿಂಡೋ ಕೆಲಸ ಮಾಡದೆ ಕಾರಿನೊಳಗೇ ಉಸಿರುಗಟ್ಟಿ ಸತ್ತವರೂ ಇದ್ದಾರೆ.

ಇಂಥ ಸಾಮಾನು ಕೊಂಡು ಸುಮ್ನೆ ಇಡೋದರಲ್ಲಿ ಅರ್ಥವಿಲ್ಲ. ಕುರ್ಲಾದಲ್ಲಿ ಹಳೇ ಕಾರು ಬಿಚ್ಚೋ ಒಂದು ಭಂಗಾರ್ ಅಂಗಡಿಗೆ ಹೋಗಿ, ಇನ್ನೂರು ರೂಪಾಯಿ ಕೊಟ್ಟು, ಗಾಜು ಇರೋ ಒಂದು ಬಾಗಿಲು ಕೇಳಿದೆ. ಅಂಗಡಿ ಹುಡುಗ ನನಗೆ ತಲೆ ಕೆಟ್ಟಿದೆ ಅಂದುಕೊಂಡ. ಗಾಜಿನ ನಡುವೆ ಒತ್ತಿದೆ, ಏನೂ ಆಗಲಿಲ್ಲ. ಕೆಳಗಿನ ಮೂಲೆಯಲ್ಲಿ ಒತ್ತಿದೆ, ಟಕ್! ಇಡೀ ಗಾಜು ಒಂದು ಕ್ಷಣ ಬೆಳ್ಳಗಾಗಿ ನಿಂತು, ಆಮೇಲೆ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಜಾರಿತು. ಸುತ್ತಿಗೆ ಥರದ್ದಕ್ಕಿಂತ ಇದು ವಾಸಿ ಅನ್ನೋದು ಇಲ್ಲೇ. ನೀರೊಳಗೆ ಸುತ್ತಿಗೆ ಬೀಸಿದರೆ ಏಟಿಗೆ ಜೋರೇ ಇರಲ್ಲ. ಇದನ್ನು ಒತ್ತಿದರೆ ಸಾಕು.

ಕಾರಿನ ಮುಂಭಾಗದ ದೊಡ್ಡ ಗಾಜಿನ ಮೇಲೂ ನೋಡಿದೆ. ಬರೀ ಒಂದು ಬಿಳಿ ಚುಕ್ಕೆ ಬಿತ್ತು. ಅದು ಲ್ಯಾಮಿನೇಟೆಡ್, ಎರಡು ಗಾಜಿನ ಮಧ್ಯೆ ಪ್ಲಾಸ್ಟಿಕ್ ಹಾಳೆ ಇರುತ್ತೆ. ಅಮೆರಿಕದ ವಾಹನ ಸವಾರರ ಸಂಘ ಎಎಎ 2019ರಲ್ಲಿ ಇಂಥ ಆರು ಸಾಧನ ಪರೀಕ್ಷಿಸಿದಾಗ ಲ್ಯಾಮಿನೇಟೆಡ್ ಗಾಜನ್ನು ಒಂದೂ ಒಡೆಯಲಿಲ್ಲವಂತೆ. ಈಗ ಕೆಲವು ಕಾರುಗಳಲ್ಲಿ ಪಕ್ಕದ ಗಾಜೂ ಅದೇ. ಯಾವ ಗಾಜು ಅಂತ ಗಾಜಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಛಾಪಿಸಿರುತ್ತಾರೆ, ಕೊಳ್ಳೋಕೆ ಮುಂಚೆ ಓದಿ.

ಇನ್ನು ಬೈಗುಳ. ಡ್ಯಾಶ್‌ಬೋರ್ಡಿಗೆ ಅಂಟಿಸೋ ಹಿಡಿಕೆ ಬಿಸಿಲಿಗೆ ನಾಲ್ಕೇ ದಿನದಲ್ಲಿ ಕಳಚಿ ಬಿತ್ತು. ಬ್ಲೇಡಿನ ಮುಚ್ಚಳ ತೆಗೆಯೋಕೆ ಎರಡೂ ಕೈ ಬೇಕು, ಇದನ್ನು ಮಾಡಿದವರು ಯಾವತ್ತೂ ಬೆಲ್ಟ್ ಹಾಕಿಕೊಂಡು ಕೂತೇ ಇಲ್ಲ ಅನಿಸುತ್ತೆ. ಮಾರಿದವರಿಗೆ ಬರೆದರೆ ‘ಧನ್ಯವಾದ’ ಅಂತ ಉತ್ತರ ಬಂತು, ಅಷ್ಟೇ! ನಾನು ಬೆಲ್ಟ್ ಹಾಕಿಕೊಂಡೇ ಕೈಗೆ ಸಿಗೋ ಹಾಗೆ ಸೀಟಿನ ಪಕ್ಕ ದಾರದಲ್ಲಿ ಕಟ್ಟಿದ್ದೇನೆ.

ಒಂದು ಮಾತು. ಕಾರು ನೀರಿಗೆ ಸಿಕ್ಕರೆ ಮೊದಲು ಬೆಲ್ಟ್ ಬಿಚ್ಚಿ, ಪವರ್ ವಿಂಡೋ ಇನ್ನೂ ಓಡ್ತಿರುವಾಗಲೇ ಗಾಜು ಇಳಿಸಿ, ಮಕ್ಕಳನ್ನು ಮುಂಚೆ ಹೊರಗೆ ಕಳಿಸಿ. ಗಾಜು ಇಳಿಯದಿದ್ದರೆ ಮಾತ್ರ ಇದು. ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇಯಂಥ ರೈಲು ಹಳಿ ಕೆಳಗಿನ ರಸ್ತೇಲಿ ನೀರು ನಿಂತಿದ್ದರೆ ಇದು ಇದೆ ಅಂತ ಗಾಡಿ ನುಗ್ಗಿಸಬೇಡಿ. ಹರಿಯೋ ನೀರು ಒಂದಡಿ ಇದ್ದರೂ ಸಣ್ಣ ಕಾರು ತೇಲಬಹುದು.

ಐದಕ್ಕೆ ಮೂರೂವರೆ ಕೊಡ್ತೀನಿ. ಇನ್ನೊಂದನ್ನು ಮಾವನಿಗೆ ಕೊಟ್ಟೆ. ‘ಒಳ್ಳೇದಾಯ್ತು ಮಾರಾಯ’ ಅಂದರು. ಮೊನ್ನೆ ನೋಡಿದರೆ ಪ್ಯಾಕೆಟ್ ಸಮೇತ ಡಿಕ್ಕಿಯಲ್ಲಿ, ಸ್ಟೆಪ್ನಿ ಕೆಳಗೆ ಭದ್ರವಾಗಿ ಇಟ್ಟಿದ್ದಾರೆ.